ಮಗಳಿಗೊಂದು ಪತ್ರ: ತೆಳುವಾದಷ್ಟೂ ಫೆರೋಎಲೆಕ್ಟ್ರಿಕ್ ಗುಣ ಸಾಯುತ್ತದೆಯೇ?

ಪ್ರೀತಿಯ ಪುಟ್ಟಿ,

ನಿನ್ನ ಎಕ್ಸ್-ರೇ ಗ್ರಾಫ್ ನೋಡಿದೆ. ಬೇರಿಯಂ ಟೈಟನೇಟ್ ಪುಡಿ ನುಣ್ಣಗಾದ ಹಾಗೆ 45 ಡಿಗ್ರಿ ಕೋನದ ಹತ್ತಿರದ ಎರಡು ಪೀಕ್‌ಗಳು (ಗ್ರಾಫಿನ ಶಿಖರಗಳು) ಕೂಡಿಕೊಂಡು ಒಂದೇ ಆಗಿವೆ, ಅಲ್ವಾ? ಪೀಕ್ ಎರಡಾಗಿ ಕಂಡರೆ ಯೂನಿಟ್ ಸೆಲ್ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಸಣ್ಣ ಘಟಕ) ಒಂದು ದಿಕ್ಕಿಗೆ ಶೇ 1ರಷ್ಟು ಉದ್ದವಾಗಿದೆ, ನಡುವಿನ ಟೈಟಾನಿಯಂ ಅಯಾನು ಅದೇ ದಿಕ್ಕಿಗೆ ಸರಿದಿದೆ ಅಂತ ಅರ್ಥ. ಫೆರೋಎಲೆಕ್ಟ್ರಿಕ್ ಗುಣವೆಲ್ಲ ಆ ಸರಿಯುವುದರಲ್ಲೇ ಇದೆ: ಧನ-ಋಣ ಆವೇಶಗಳು ತಾವಾಗಿಯೇ ಬೇರೆ ಬೇರೆ ಬದಿಗೆ ನಿಲ್ಲುತ್ತವೆ (ಇದೇ ಧ್ರುವೀಕರಣ), ಹೊರಗಿನ ವಿದ್ಯುತ್ ಕ್ಷೇತ್ರದಿಂದ ಅದನ್ನು ತಿರುಗಿಸಲೂಬಹುದು. ದೊಡ್ಡ ಹರಳಿನಲ್ಲಿ ಅದನ್ನು ಅಳಿಸೋಕೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಕಣ ತೀರಾ ಸಣ್ಣದಾದರೆ ಕಾಯಿಸದೆಯೂ ಅಳಿಯಬಹುದು. ಆದರೆ ಅವಸರಪಡಬೇಡ. ಸಣ್ಣ ಕಣದ ಪೀಕ್ ಹೇಗೂ ಅಗಲವಾಗುತ್ತೆ, ಎರಡು ಕೂಡಿಕೊಂಡಂತೆ ಕಾಣೋದು ಅದರಿಂದಲೂ ಇರಬಹುದು. ರಾಮನ್ ಸ್ಪೆಕ್ಟ್ರಮ್ (ಚದುರಿದ ಬೆಳಕಿನಿಂದ ಪರಮಾಣುಗಳ ಕಂಪನ ತಿಳಿಸುವ ಗ್ರಾಫ್) ನೋಡದೆ ಏನೂ ಬರೆಯಬೇಡ.

ಇನ್ನು ಗುಣ ಅಳಿಯೋಕೆ ಕಾರಣ. ಎರಡು ಎಲೆಕ್ಟ್ರೋಡ್‌ಗಳ (ವಿದ್ಯುತ್ ಸಾಗಿಸುವ ಪದರಗಳ) ನಡುವೆ ಇರುವ ತೆಳು ಪದರ, ಅಂದರೆ ಫಿಲ್ಮ್, ನೋಡಿದರೆ ಅರ್ಥವಾಗುತ್ತೆ. ಧ್ರುವೀಕರಣ ಇದ್ದಲ್ಲಿ ಎರಡೂ ಮೇಲ್ಮೈಗಳಲ್ಲಿ ವಿದ್ಯುದಾವೇಶ ನಿಲ್ಲುತ್ತೆ. ಎಲೆಕ್ಟ್ರೋಡ್ ಅದನ್ನು ಪೂರ್ತಿ ಸರಿದೂಗಿಸಲಾರದು. ಉಳಿದದ್ದು ಒಳಗೆ ಒಂದು ವಿರುದ್ಧ ಕ್ಷೇತ್ರ ಹುಟ್ಟಿಸಿ ಧ್ರುವೀಕರಣವನ್ನೇ ಕೆಡವಲು ನೋಡುತ್ತೆ. ಪದರ ತೆಳುವಾದಷ್ಟೂ ಆ ಕ್ಷೇತ್ರಕ್ಕೆ ಬಲ ಜಾಸ್ತಿ. 2003ರಲ್ಲಿ ಹುನ್ಕೇರಾ ಮತ್ತು ಘೋಸೆ ಅನ್ನೋ ವಿಜ್ಞಾನಿಗಳು ಲೆಕ್ಕ ಹಾಕಿದ್ದು ಇದನ್ನೇ: ಸ್ಟ್ರಾನ್ಷಿಯಂ ರುಥೆನೇಟ್ ಎಲೆಕ್ಟ್ರೋಡ್‌ಗಳ ನಡುವೆ ಬೇರಿಯಂ ಟೈಟನೇಟ್‌ಗೆ ಸುಮಾರು 6 ಯೂನಿಟ್ ಸೆಲ್, ಅಂದರೆ 2.4 ನ್ಯಾನೋಮೀಟರ್ ದಪ್ಪವಾದರೂ ಬೇಕು, ಇಲ್ಲದಿದ್ದರೆ ಗುಣ ಉಳಿಯದು ಅಂತ. ಇದನ್ನೇ ನಿರ್ಣಾಯಕ ದಪ್ಪ ಅನ್ನೋದು.

ಮರುವರ್ಷವೇ ಫಾಂಗ್ ತಂಡ ಲೆಡ್ ಟೈಟನೇಟ್‌ನಲ್ಲಿ 3 ಯೂನಿಟ್ ಸೆಲ್‌ಗೆ ಇಳಿದರೂ ಗುಣ ಉಳಿದಿದ್ದನ್ನು ತೋರಿಸಿತು! ಅಲ್ಲಿ ಧ್ರುವೀಕರಣ ಮೇಲೆ-ಕೆಳಗೆ ಅಂತ ಪಟ್ಟೆಪಟ್ಟೆಯಾಗಿ ಹಂಚಿಕೊಂಡಿತ್ತು, ಹಾಗಾಗಿ ಮೇಲ್ಮೈ ಆವೇಶ ಅಲ್ಲಲ್ಲೇ ವಜಾ. ಅದೇ 2004ರಲ್ಲಿ ಇನ್ನೊಂದು ತಂಡ ಬೇರಿಯಂ ಟೈಟನೇಟ್ ಫಿಲ್ಮನ್ನು ಸ್ಕ್ಯಾಂಡೇಟ್ (ಸ್ಕ್ಯಾಂಡಿಯಂ ಇರುವ ಆಕ್ಸೈಡ್) ಹರಳಿನ ಮೇಲೆ, ಅದರ ಅಳತೆಗೆ ಹೊಂದುವ ಹಾಗೆ ಅದುಮಿದಂತೆ ಬೆಳೆಸಿ, ಗುಣ ಅಳಿಯುವ ಉಷ್ಣಾಂಶವನ್ನು ಸುಮಾರು 500 ಡಿಗ್ರಿಯಷ್ಟು ಮೇಲೇರಿಸಿತು. ಅದಕ್ಕೇ 'ನಿರ್ಣಾಯಕ ದಪ್ಪ ಇಷ್ಟು' ಅಂತ ಒಂದೇ ಸಂಖ್ಯೆ ಬರೆಯುವವರನ್ನು ಕಂಡರೆ ನನಗೆ ರೇಗುತ್ತೆ. ಯಾವ ಎಲೆಕ್ಟ್ರೋಡ್, ಯಾವ ತಳಪದರ ಅಂತ ಹೇಳದ ಸಂಖ್ಯೆಗೆ ಏನು ಬೆಲೆ?

ಹಾಫ್ನಿಯಂ ಆಕ್ಸೈಡಂತೂ ಇನ್ನೂ ತಲೆಹರಟೆ. ದಪ್ಪಗಿದ್ದಾಗ ಅದು ಸಾಮಾನ್ಯವಾಗಿ ಫೆರೋಎಲೆಕ್ಟ್ರಿಕ್ಕೇ ಅಲ್ಲ. 2011ರಲ್ಲಿ, ಸ್ವಲ್ಪ ಸಿಲಿಕಾನ್ ಬೆರೆಸಿದ ಸುಮಾರು 10 ನ್ಯಾನೋಮೀಟರ್ ಫಿಲ್ಮ್‌ನಲ್ಲಿ ಈ ಗುಣ ಕಾಣಿಸಿತು. 2020ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಜಿರ್ಕೋನಿಯಂ ಬೆರೆಸಿ, ಸಿಲಿಕಾನ್ ಮೇಲೆ 1 ನ್ಯಾನೋಮೀಟರ್‌ಗೆ ಇಳಿಸಿದರು. ಗುಣ ಉಳಿದದ್ದಷ್ಟೇ ಅಲ್ಲ, ತೆಳುವಾದಷ್ಟೂ ಹೆಚ್ಚಿತು. ಗೈಡ್ ಹತ್ತಿರ ಈ ಮಾತೆತ್ತು, ಪ್ರಾಜೆಕ್ಟಿನ ಎರಡನೇ ಭಾಗಕ್ಕೆ ಇದನ್ನೇ ಒಪ್ಪಬಹುದು.

ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ, ಕೊರಿಯರ್ ಬಂದಿತಾ ತಿಳಿಸು.

ನಿನ್ನ ಅಪ್ಪ