ನಾನು ಇಲಿ, ಹಂದಿಯಲ್ಲ

ದೇಜಾನ್, ದಕ್ಷಿಣ ಕೊರಿಯಾ
8 ಫೆಬ್ರವರಿ 2026, ಭಾನುವಾರ

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರ.

ನಾನಿಲ್ಲಿ ಕ್ಷೇಮ. ಚಳಿ ಮಾತ್ರ ಮೂಳೆಗೆ ಇಳಿಯುತ್ತಿದೆ.

ಮೊದಲು ಅಮ್ಮನಿಗೆ ಒಂದು ಮಾತು. ಗುರುವಾರ ಫೋನ್ ಮಾಡಿ "ನಾನು ಹುಟ್ಟಿದ ಸಮಯ ಸರಿಯಾಗಿ ಹೇಳು" ಎಂದು ಕೇಳಿದೆ, ಅಲ್ವಾ. ಆ ಕಡೆ ಒಂದು ನಿಮಿಷ ಸದ್ದೇ ಇರಲಿಲ್ಲ. ಆಮೇಲೆ ನೀನು ಬಹಳ ಮೆತ್ತಗೆ "ಹುಡುಗ ಯಾರು?" ಎಂದೆ. ಹುಡುಗ ಯಾರೂ ಇಲ್ಲ ಅಮ್ಮ. ಇಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿಯ ಹೆಸರಿದೆ. ನಾನು ಹುಟ್ಟಿದ ವರ್ಷದ ಪ್ರಕಾರ ಇಲಿಯೋ ಹಂದಿಯೋ ಎಂದು ತಿಳಿಯಬೇಕಿತ್ತು, ಅಷ್ಟೇ. ಅದನ್ನು ಫೋನಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ನೀನು ಅಪ್ಪನನ್ನು ಕೂಗಿಯಾಗಿತ್ತು. ಅಜ್ಜಿಗಂತೂ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಅದಕ್ಕೇ ಈ ಪತ್ರ. ಅಪ್ಪ, ಇದನ್ನು ಅಜ್ಜಿಗೆ ಜೋರಾಗಿ ಓದಿ ಹೇಳಿ. ಅಜ್ಜಿಗೆ ಸ್ವಲ್ಪ ಸಿಟ್ಟು ಬರುವ ಜಾಗವೂ ಇದೆ, ಅದನ್ನು ಹಾರಿಸಬೇಡಿ.

ಶುರುವಾದದ್ದು ಬುಧವಾರ, ಫೆಬ್ರವರಿ 4ರ ಬೆಳಗಿನ ಜಾವ. ನಮ್ಮ ಮನೆ ಮಾಲೀಕರ ತಾಯಿ, ನಾನು ಹಲ್‌ಮೊನಿ ಅನ್ನುವ ಅಜ್ಜಿ, ಹಿಂದಿನ ರಾತ್ರಿಯೇ ಬಂದು "ನಾಳೆ ಐದಕ್ಕೆ ಎದ್ದು ಟಾರ್ಚ್ ಹಿಡಿಯುತ್ತೀಯಾ?" ಎಂದು ಕೇಳಿದ್ದರು. ಎದ್ದು ಹೋದೆ. ಅಂಗಳದ ಬಕೆಟ್‌ನಲ್ಲಿ ನೀರು ಕಲ್ಲಾಗಿತ್ತು. ಅವರ ಕೈಯಲ್ಲಿ ಎರಡು ಉದ್ದ ಬಿಳಿ ಕಾಗದ. ಮೇಲೆ ಕುಂಚದಲ್ಲಿ ಬರೆದ ನಾಲ್ಕು ನಾಲ್ಕು ಚೀನೀ ಅಕ್ಷರ. ಗಡಿಯಾರ 5 ಗಂಟೆ 2 ನಿಮಿಷ ತೋರಿಸಿದ ಕೂಡಲೇ ಬಾಗಿಲಿನ ಎರಡು ಹಲಗೆಗಳ ಮೇಲೆ ಒಂದಕ್ಕೊಂದು ಓರೆಯಾಗಿ ಅಂಟಿಸಿದರು. ವಸಂತ ಬಂತು, ದೊಡ್ಡ ಶುಭವಾಗಲಿ ಅನ್ನುವುದು ಮೊದಲ ಕಾಗದದ ಮಾತು. "ಇಪ್ಚುನ್ ಆಯಿತು. ಇನ್ನು ನಿಜವಾಗಿ ಕುದುರೆ ವರ್ಷ" ಎಂದರು. ಇಪ್ಚುನ್ ಅಂದರೆ ವಸಂತ ಕಾಲಿಡುವ ಗಳಿಗೆ.

ವಸಂತವಂತೆ! ನನ್ನ ಮೂಗಿನ ತುದಿಗೆ ಸ್ಪರ್ಶವೇ ಇರಲಿಲ್ಲ. ಹಲ್‌ಮೊನಿ ನಕ್ಕು, ಇಪ್ಚುನ್ ಚಳಿ ಸಾಲ ಮಾಡಿಯಾದರೂ ಬಂದೇ ಬರುತ್ತದೆ ಎಂದು ಇಲ್ಲಿನ ಗಾದೆ ಹೇಳಿದರು.

ಈಗ ನನ್ನ ಗೊಂದಲ ಕೇಳಿ. ಜನವರಿ 1ಕ್ಕೇ ಇಲ್ಲಿನ ಟಿವಿ, ಪತ್ರಿಕೆಗಳಲ್ಲೆಲ್ಲ ಕೆಂಪು ಕುದುರೆ ಓಡಾಡಿಬಿಟ್ಟಿತ್ತು. ಹೊಸ ವರ್ಷದ ಹಬ್ಬ ಸೊಲ್ಲಾಲ್ ಬರುವುದು ಈ ಫೆಬ್ರವರಿ 17ಕ್ಕೆ. ಅದು ಚಾಂದ್ರಮಾನ, ಅಮಾವಾಸ್ಯೆ ಲೆಕ್ಕ. ಅವತ್ತು ಹಿರಿಯರಿಗೆ ಎಡೆ ಇಡುತ್ತಾರೆ, ಮಕ್ಕಳು ಅಡ್ಡಬಿದ್ದು ದುಡ್ಡು ಇಸಿದುಕೊಳ್ಳುತ್ತಾರೆ, ಅಕ್ಕಿ ಬಿಲ್ಲೆ ಹಾಕಿದ ತೊಕ್‌ಗುಕ್ ಸಾರು ಕುಡಿದರೆ ವಯಸ್ಸು ಒಂದು ಹೆಚ್ಚಾಯಿತು ಅನ್ನುತ್ತಾರೆ. ಅದಕ್ಕೂ ಮೊದಲು ಡಿಸೆಂಬರ್ 22ರ ಸುಮಾರಿಗೆ ದೋಂಗ್‌ಜಿ, ಅಂದರೆ ಅತಿ ಉದ್ದದ ರಾತ್ರಿ. ಅವತ್ತು ಕೆಂಪು ಕಾಳಿನ ಗಂಜಿ. ಅದನ್ನೂ ಚಿಕ್ಕ ಹೊಸ ವರ್ಷ ಅಂತಲೇ ಕರೆಯುತ್ತಾರೆ, ಅದನ್ನು ಉಂಡರೂ ವಯಸ್ಸು ಹೆಚ್ಚುತ್ತದಂತೆ! ಇಷ್ಟರ ಮಧ್ಯೆ ಈ ಇಪ್ಚುನ್. ರಜೆ ಇಲ್ಲ, ಊಟವಿಲ್ಲ, ಎರಡು ಕಾಗದದ ಪಟ್ಟಿ ಮಾತ್ರ. ಆದರೆ ಜಾತಕ ಬರೆಯುವವರು ನಂಬುವುದು ಇದೊಂದನ್ನೇ.

ಇಲ್ಲಿನ ಜಾತಕಕ್ಕೆ ಸಾಜು ಅನ್ನುತ್ತಾರೆ, ನಾಲ್ಕು ಕಂಬ ಎಂದು ಅರ್ಥ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು, ಇವೇ ಆ ಕಂಬಗಳು. ಒಂದೊಂದಕ್ಕೆ ಎರಡು ಅಕ್ಷರ, ಒಟ್ಟು ಎಂಟು. ಆ ಎಂಟಕ್ಕೆ ಪಲ್ಜಾ ಎಂದು ಹೆಸರು. ದಿನಬಳಕೆಯಲ್ಲಿ ಪಲ್ಜಾ ಅಂದರೆ ಹಣೆಬರಹವೇ. ಬಸ್ ತಪ್ಪಿಸಿಕೊಂಡ ಹೆಂಗಸು "ಅಯ್ಯೋ ನನ್ನ ಪಲ್ಜಾ" ಎಂದು ಗೊಣಗುವುದನ್ನು ಕೇಳಿದ್ದೇನೆ. ನಮ್ಮ ಹಾಗೆ ರಾಶಿ, ನಕ್ಷತ್ರ, ಗ್ರಹ ಇಲ್ಲಿ ಇಲ್ಲ. ಹನ್ನೆರಡು ಪ್ರಾಣಿ, ಮತ್ತೆ ಮರ, ಬೆಂಕಿ, ಮಣ್ಣು, ಲೋಹ, ನೀರು. ವಿದ್ಯೆ ಚೀನಾದಿಂದ ಬಂದದ್ದು. ಮದುವೆಗೆ ಎರಡು ಕಡೆಯ ಸಾಜು ಕೂಡಿಸಿ ನೋಡುತ್ತಾರೆ. ಅಮ್ಮನ ಕಿವಿ ನೆಟ್ಟಗಾಯಿತು ಎಂದು ಇಲ್ಲಿಂದಲೇ ಗೊತ್ತಾಗುತ್ತಿದೆ. ಮುಂದೆ ಓದು.

ನನ್ನ ಹುಟ್ಟಿದ ದಿನ 1996ರ ಫೆಬ್ರವರಿ 10. ಆ ವರ್ಷ ಸೊಲ್ಲಾಲ್ ಬಿದ್ದದ್ದು ಫೆಬ್ರವರಿ 19ಕ್ಕೆ. ಚಂದ್ರನ ಲೆಕ್ಕದಲ್ಲಿ ಹಿಂದಿನ ವರ್ಷ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ನಾನು ಹಂದಿ. ಆಫೀಸಿನಲ್ಲಿ ಒಬ್ಬ ಗೆಳತಿ ಇದನ್ನು ಕಂಡುಹಿಡಿದು ಒಂದು ವರ್ಷದಿಂದ ನನಗೆ ಹಂದಿಮರಿ ಎಂದೇ ಹೆಸರಿಟ್ಟಿದ್ದಾಳೆ. ಹಲ್‌ಮೊನಿಗೆ ಇದನ್ನು ಹೇಳಿದಾಗ ಅವರಿಗೆ ರೇಗಿತು. "ಇಪ್ಚುನ್ ದಾಟಿ ಹುಟ್ಟಿದವಳು ಹಂದಿ ಹೇಗಾಗುತ್ತಾಳೆ? ನಡಿ, ತೋರಿಸಿಯೇ ಬಿಡೋಣ" ಎಂದು ನಿನ್ನೆ ಮಾರುಕಟ್ಟೆ ಹಿಂದಿನ ಓಣಿಗೆ ಕರೆದುಕೊಂಡು ಹೋದರು.

ಸಾಜು ನೋಡುವವರು ಎಪ್ಪತ್ತು ದಾಟಿದ ಮನುಷ್ಯ. ಮೇಜಿನ ಮೇಲೆ ಮನ್ಸೇರ್ಯೋಕ್ ಎಂಬ ದಪ್ಪ ಪಂಚಾಂಗ. ಅದು ಅಲಂಕಾರಕ್ಕೆ, ಅವರು ನೋಡಿದ್ದು ಫೋನಿನ ಆ್ಯಪ್! ನಮ್ಮೂರ ಭಟ್ಟರು ಪಂಚಾಂಗ ಮಡಿಲಲ್ಲಿಟ್ಟುಕೊಂಡು ಮೊಬೈಲ್ ತಿಕ್ಕುತ್ತಾರಲ್ಲ, ಹಾಗೇ. ನನ್ನ ತಾರೀಕು ನೋಡಿ ಅರ್ಧ ನಿಮಿಷದಲ್ಲಿ ಹೇಳಿದರು: ಇಲಿ. 1996ರ ಇಪ್ಚುನ್ ಫೆಬ್ರವರಿ 4ರ ರಾತ್ರಿಯೇ ಆಗಿಹೋಗಿತ್ತು. ಹಲ್‌ಮೊನಿ ತೊಡೆ ತಟ್ಟಿಕೊಂಡರು.

ಏಕೆ ಹೀಗೆ ಎಂದು ಕೇಳಿದೆ. ಅವರು ಕಾಗದದ ಮೇಲೆ ಒಂದು ಚಕ್ರ ಬರೆದರು. ಸೂರ್ಯ ವರ್ಷಕ್ಕೆ ಒಂದು ಸುತ್ತು ಬರುತ್ತಾನೆ. ಅದನ್ನು 15 ಡಿಗ್ರಿಯಂತೆ 24 ಭಾಗ ಮಾಡಿ ಜೊಲ್ಗಿ ಎಂದು ಕರೆಯುತ್ತಾರೆ. ಹಗಲು ರಾತ್ರಿ ಸಮವಾಗುವ ಮಾರ್ಚ್‌ನ ದಿನ ಸೊನ್ನೆ. ಅಲ್ಲಿಂದ ಎಣಿಸಿ ಸೂರ್ಯ 315 ಡಿಗ್ರಿಗೆ ಬಂದ ಗಳಿಗೆಯೇ ಇಪ್ಚುನ್. ಅತಿ ಉದ್ದದ ರಾತ್ರಿಗೂ ಸಮರಾತ್ರಿಗೂ ಸರಿಯಾಗಿ ನಡುವೆ. ಸೊಲ್ಲಾಲ್ ಜನವರಿ 21ರಿಂದ ಫೆಬ್ರವರಿ 20ರವರೆಗೆ ಎಲ್ಲೆಲ್ಲೋ ಅಲೆಯುತ್ತದೆ. ಇಪ್ಚುನ್ ಅಲುಗಿದರೆ ಒಂದು ದಿನ. ಹೋದ ವರ್ಷ ಫೆಬ್ರವರಿ 3ರ ರಾತ್ರಿ 11:10ಕ್ಕೆ, ಈ ವರ್ಷ 4ರ ಬೆಳಿಗ್ಗೆ 5:02ಕ್ಕೆ. ಅಂದಹಾಗೆ ಈ ನಿಮಿಷಗಳನ್ನು ಲೆಕ್ಕ ಹಾಕಿ ಪ್ರಕಟಿಸುವ ಖಗೋಳ ಸಂಸ್ಥೆ ಇರುವುದು ನಮ್ಮ ಈ ದೇಜಾನ್‌ನಲ್ಲೇ.

"ಚಂದ್ರ ಹಬ್ಬಕ್ಕೆ. ಸಾಜು ಅಂದರೆ ಹುಟ್ಟಿದಾಗ ಬಿಸಿಲು ಎಷ್ಟಿತ್ತು, ಚಳಿ ಎಷ್ಟಿತ್ತು ಅನ್ನುವ ಲೆಕ್ಕ. ಅದನ್ನು ಚಂದ್ರನಿಗೆ ಕೇಳಿದರೆ ಏನು ಗೊತ್ತು?" ಎಂದರು. ತಿಂಗಳೂ ಅಷ್ಟೇ, ಒಂದು ಬಿಟ್ಟು ಒಂದು ಜೊಲ್ಗಿಗೆ ಬದಲಾಗುತ್ತದೆ. ಅಮಾವಾಸ್ಯೆ ಯಾವಾಗ ಬಂತೆಂದು ಯಾರೂ ನೋಡುವುದಿಲ್ಲ. ದೋಂಗ್‌ಜಿಯೇ ವರ್ಷದ ಮೊದಲು ಎಂದು ವಾದಿಸುವ ಪಂಗಡವೂ ಒಂದಿದೆಯಂತೆ. ಅವರ ಹೆಸರೆತ್ತಿದ್ದಕ್ಕೇ ಮುಖ ಹುಳಿ ಮಾಡಿಕೊಂಡರು.

ಅಜ್ಜಿ, ಈಗ ನಿಮ್ಮ ಸಿಟ್ಟಿನ ಜಾಗ. ನಿಮ್ಮ ಸೊಸೆ ಉಡುಪಿಯಿಂದ ಶಿವಮೊಗ್ಗಕ್ಕೆ ಬಂದ ಮೊದಲ ವರ್ಷ ಏಪ್ರಿಲ್ ಮಧ್ಯೆ ಹಣ್ಣು, ತೆಂಗಿನಕಾಯಿ, ಕನ್ನಡಿ ಇಟ್ಟು, ತುಳುನಾಡಿನ ಸೌರಮಾನ ಹೊಸ ವರ್ಷಕ್ಕೆ ಬಿಸು ಕಣಿ ಮಾಡಿದಾಗ ನೀವು ಏನೆಂದಿರಿ? "ಯುಗಾದಿ ಮುಗಿದು ಬೇವು ಒಣಗಿತು, ಇದೆಂಥ ಎರಡನೇ ಯುಗಾದಿ?" ಆ ಮಾತು ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಓಡುತ್ತಿದೆ. ಇಲ್ಲಿನ ಸಾಜು ಮನುಷ್ಯ ಪೂರ್ತಿ ಅಮ್ಮನ ಪಕ್ಷ. ಉಡುಪಿ ಕಡೆ ಆಟಿ ತಿಂಗಳು ಹುಟ್ಟುವುದು ಸೂರ್ಯ ಕರ್ಕಕ್ಕೆ ಹೋದಾಗ, ಇಲ್ಲೂ ತಿಂಗಳು ಹುಟ್ಟುವುದು ಸೂರ್ಯನಿಂದಲೇ. ಹಾಗೆಂದು ಅಮ್ಮ ಜಾಸ್ತಿ ಕುಣಿಯುವುದು ಬೇಡ. ಇವರದ್ದು ಸಾಯನ ಲೆಕ್ಕ, ನಮ್ಮದು ನಿರಯಣ. ನಮಗೆ ಸೂರ್ಯ ಯಾವ ನಕ್ಷತ್ರದ ಬಳಿ ಇದ್ದಾನೆ ಅನ್ನುವುದು ಮುಖ್ಯ, ಇವರಿಗೆ ಹಗಲು ಎಷ್ಟು ಬೆಳೆಯಿತು ಅನ್ನುವುದು. ನಾವು ಉತ್ತರಾಯಣ ಎಂದು ಎಳ್ಳು ಬೆಲ್ಲ ತಿನ್ನುವಾಗ ಇವರ ದೋಂಗ್‌ಜಿ ಮುಗಿದು ಮೂರು ವಾರ ದಾಟಿರುತ್ತದೆ. ಇನ್ನೊಂದು, ಅಜ್ಜಿಯ ಲೆಕ್ಕದಲ್ಲಿ ನಾನು ಯುವ ಸಂವತ್ಸರದವಳು. ಆ ಯುಗಾದಿ ಬಂದದ್ದು ನಾನು ಹುಟ್ಟಿ ಒಂದು ತಿಂಗಳ ಮೇಲೆ, ಧಾತು ಶುರುವಾದದ್ದು ಆಗ. ಇಲ್ಲಿ ಹೊಸ ವರ್ಷದ ಮಗು, ಅಲ್ಲಿ ಹಳೆ ವರ್ಷದ ಕೊನೆಯ ಮಗು.

ಹುಟ್ಟಿದ ಹೊತ್ತು ಬೇಕಾದದ್ದು ನಾಲ್ಕನೇ ಕಂಬಕ್ಕೆ. ಇದು ತಮ್ಮನಿಗೆ ಇಷ್ಟವಾಗುತ್ತದೆ. ಇಲ್ಲಿ ದಿನಕ್ಕೆ ಹನ್ನೆರಡು ಹೊತ್ತು, ಒಂದೊಂದೂ ಎರಡು ಗಂಟೆ. ಮೂರರಿಂದ ಐದು ಹುಲಿ, ಐದರಿಂದ ಏಳು ಮೊಲ. ಅಮ್ಮ ಹೇಳಿದ್ದು ಬೆಳಿಗ್ಗೆ 5:20. ಮೊಲ ಎಂದುಕೊಂಡೆ. ಅವರು ತಲೆಯಾಡಿಸಿದರು. ಕೊರಿಯಾದ ಗಡಿಯಾರ ಇಟ್ಟಿರುವುದು 135 ಡಿಗ್ರಿ ರೇಖಾಂಶಕ್ಕೆ, ರಾಜಧಾನಿ ಸಿಯೋಲ್ ಇರುವುದು 127ರಲ್ಲಿ. ಗಡಿಯಾರ ಸೂರ್ಯನಿಗಿಂತ ಅರ್ಧ ಗಂಟೆ ಮುಂದೆ ಓಡುತ್ತದೆ. ಅದಕ್ಕೇ ಸಾಜು ನೋಡುವಾಗ ಅರ್ಧ ಗಂಟೆ ಕಳೆಯುತ್ತಾರೆ. 1954ರಿಂದ 1961ರವರೆಗೆ ಕೊರಿಯಾ ತನ್ನದೇ ಗಡಿಯಾರ ಇಟ್ಟುಕೊಂಡಿತ್ತು, ಆಗ ಹುಟ್ಟಿದವರಿಗೆ ಈ ಅರ್ಧ ಗಂಟೆ ಕಳೆಯಬೇಕಿಲ್ಲ. 1987, 88ರ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿದ್ದರು, ಅವರಿಗೆ ಇನ್ನೂ ಒಂದು ಗಂಟೆ ಕಳೆಯಬೇಕು. ಜ್ಯೋತಿಷಿಗೆ ಸರ್ಕಾರದ ಹಳೇ ಆದೇಶಗಳೆಲ್ಲ ಬಾಯಿಪಾಠ!

ನಾನು ಫೋನ್ ತೆಗೆದು ನಮ್ಮದನ್ನೂ ಲೆಕ್ಕ ಹಾಕಿದೆ. ಭಾರತದ ಗಡಿಯಾರ 82.5 ಡಿಗ್ರಿಗೆ, ನಾನು ಹುಟ್ಟಿದ ಉಡುಪಿ 75ಕ್ಕೂ ಸ್ವಲ್ಪ ಕಡಿಮೆ. ಅಲ್ಲೂ ಅದೇ ಅರ್ಧ ಗಂಟೆ! ಸೂರ್ಯನ ಪ್ರಕಾರ ನಾನು ಹುಟ್ಟಿದ್ದು 4:49ಕ್ಕೆ. ಮೊಲ ಹೋಗಿ ಹುಲಿ ಬಂತು. ಆದರೆ ಇಪ್ಚುನ್ ಹಾಗಲ್ಲ, ಅದು ಇಡೀ ಭೂಮಿಗೆ ಒಂದೇ ಗಳಿಗೆ. ಮೊನ್ನೆ ಹಲ್‌ಮೊನಿ ಅಂಟು ಹಚ್ಚುತ್ತಿದ್ದಾಗ ನಿಮ್ಮಲ್ಲಿ ಇನ್ನೂ ರಾತ್ರಿ ಒಂದೂವರೆ ಗಂಟೆ, ಬುಧವಾರಕ್ಕೆ ಕಾಲಿಟ್ಟಿತ್ತಷ್ಟೇ.

ಫಲ ಏನು ಹೇಳಿದರು ಎಂದು ಅಮ್ಮ ಕೇಳುತ್ತಾಳೆ. ನಾನು ದೀಪದಂಥ ಸಣ್ಣ ಬೆಂಕಿಯಂತೆ, ಎಂಟು ಅಕ್ಷರದಲ್ಲಿ ಐದೂ ಧಾತು ಸಿಕ್ಕವಂತೆ. ಅಷ್ಟು ಸಾಕು. ನಾನು ಇದನ್ನೆಲ್ಲ ನಂಬುತ್ತೇನೆ ಎಂದುಕೊಳ್ಳಬೇಡಿ, ಲೆಕ್ಕ ಚೆನ್ನಾಗಿತ್ತು ಎಂದು ಕೂತೆ. ಕಹಿಯಾದದ್ದೂ ಒಂದಿದೆ. ಕುದುರೆ ವರ್ಷದ ಹೆಣ್ಣು ಗಟ್ಟಿ ಹಣೆಬರಹದವಳು, ಸಂಸಾರಕ್ಕೆ ಆಗಿಬರುವುದಿಲ್ಲ ಎಂಬ ಮಾತು ಇಲ್ಲಿತ್ತು. 1990 ಬಿಳಿ ಕುದುರೆ ವರ್ಷ. ಗಂಡೇ ಬೇಕು ಎಂಬ ಹಟ ಮೊದಲೇ ಇತ್ತು, ಸ್ಕ್ಯಾನಿಂಗ್ ಬಂದಿತ್ತು, ಮೇಲೆ ಈ ಮಾತು. ಆ ವರ್ಷ ಕೊರಿಯಾದಲ್ಲಿ 100 ಹೆಣ್ಣು ಮಕ್ಕಳಿಗೆ 116ಕ್ಕಿಂತ ಹೆಚ್ಚು ಗಂಡು ಹುಟ್ಟಿದವು. ಮೂಲಾ ನಕ್ಷತ್ರ ಎಂದು ಚಿಕ್ಕಮ್ಮನನ್ನು ಎಷ್ಟು ಜನ ನೋಡಿ ಬೇಡ ಎಂದು ಹೋದರು, ನೆನಪಿದೆಯಾ ಅಮ್ಮ? ಆಗ ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಕೂತಿರುತ್ತಿದ್ದಳು. ಹಲ್‌ಮೊನಿಯ ಒಬ್ಬ ಮೊಮ್ಮಗಳು 1990ರವಳು. ಆ ವಿಷಯ ಬಂದಾಗ ಅವರು ಮಾತು ತಿರುಗಿಸಿದರು.

ಅಪ್ಪ, ನೀವು ಹುಟ್ಟಿದ 1966 ಕೂಡ ಈ ವರ್ಷದ ಹಾಗೇ ಕೆಂಪು ಕುದುರೆ. ಇವರಲ್ಲೂ ವರ್ಷದ ಹೆಸರುಗಳು ಅರವತ್ತು, ಸುತ್ತು ಮುಗಿದು ಅದೇ ಹೆಸರು ತಿರುಗಿ ಬಂದಾಗ ಹ್ವಾನ್‌ಗಪ್ ಮಾಡುತ್ತಾರೆ. ನಮ್ಮಲ್ಲೂ ಮಾರ್ಚ್ 19ರ ಯುಗಾದಿಗೆ ನಿಮ್ಮ ಪರಾಭವ ಸಂವತ್ಸರ ತಿರುಗಿ ಬರುತ್ತದೆ. ಷಷ್ಟ್ಯಬ್ದಿಗೆ ಅಕ್ಟೋಬರ್‌ನಲ್ಲಿ ರಜೆ ಕೇಳಿದ್ದೇನೆ. "ಸುಮ್ನೆ ಖರ್ಚು" ಅನ್ನಬೇಡಿ. ಇಲ್ಲಿ ಈಗ ಅರವತ್ತು ಯಾವ ವಯಸ್ಸು ಎಂದು ಎಪ್ಪತ್ತಕ್ಕೇ ಜೋರಾಗಿ ಮಾಡುತ್ತಾರಂತೆ. ನಾವು ಎರಡೂ ಮಾಡೋಣ.

ಕೊನೆಗೆ ಅಮ್ಮನಿಗೆ, ತಡೆದಿಟ್ಟ ಸುದ್ದಿ. ಈಗ ಮುಗಿಯುತ್ತಿರುವ ಚಾಂದ್ರ ವರ್ಷ ಹೋದ ವರ್ಷದ ಜನವರಿ 29ಕ್ಕೆ ಶುರುವಾಗಿ ನಡುವೆ ಅಧಿಕ ಮಾಸ ಬಂದು ಉದ್ದವಾಯಿತು. ಹಾಗಾಗಿ ಇದರಲ್ಲಿ ಎರಡು ಇಪ್ಚುನ್ ಬಿದ್ದಿವೆ. ಇಂಥ ಎರಡು ವಸಂತದ ವರ್ಷ ಮದುವೆಗೆ ಬಹಳ ಒಳ್ಳೆಯದು ಎಂದು ಇಲ್ಲಿ ನಂಬಿಕೆ. ನಾನು ಹುಟ್ಟಿದ್ದೂ ಅಂಥದ್ದೇ ವರ್ಷದಲ್ಲಂತೆ. ಹಲ್‌ಮೊನಿ ಇದನ್ನು ಹೇಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಥೇಟ್ ನಿನ್ನ ಹಾಗೇ. ಈಗಿನ ಎರಡು ವಸಂತದ ವರ್ಷ ಫೆಬ್ರವರಿ 16ಕ್ಕೆ ಮುಗಿಯುತ್ತದೆ. ಇವತ್ತಿಗೆ ಎಂಟು ದಿನ ಬಾಕಿ. ಇಲ್ಲಿಂದ ಶಿವಮೊಗ್ಗಕ್ಕೆ ಪತ್ರ ಬರಲು ಎರಡು ವಾರವಾದರೂ ಬೇಕು. ಅದನ್ನು ನೋಡಿಕೊಂಡೇ ಅಂಚೆಗೆ ಹಾಕುತ್ತಿದ್ದೇನೆ.

ನಿಮ್ಮ ಮಗಳು,
ಇಲಿ