ಅಜ್ಜಿಯ ‘ಗ್ಯಾಸು’ ಮತ್ತು 999

ಕನ್ನಡ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಅಜ್ಜಿ ಎದೆ ಹಿಂಡ್ತಿದೆ ಅಂದ್ರು, ಆಮೇಲೆ ಗ್ಯಾಸು ಅಂದ್ರು. ನಾನು 999ಗೆ ಫೋನ್ ಮಾಡ್ಬೇಕಿತ್ತಾ?” ಮಾಡಬೇಕಿತ್ತು, ಮಗೂ; ಇಲ್ಲಿ ಇಂಗ್ಲೆಂಡಿನಲ್ಲಿ ಆಂಬುಲೆನ್ಸ್ ಕರೆಯುವ ತುರ್ತು ಸಂಖ್ಯೆ ಅದೇ. ರಾಜ್ಯೋತ್ಸವದ ಸಂಚಿಕೆ ಇವತ್ತೇ ಅಚ್ಚಿಗೆ ಹೋಗಬೇಕು, ಆದರೂ ಈ ಪುಟ ನಿನ್ನ ಪ್ರಶ್ನೆಗೇ ಮೀಸಲು.

ಜೀರಿಗೆ ಕಷಾಯ, ಸೋಡಾ, ಈನೋ, “ಸ್ವಲ್ಪ ಮಲಗಿದ್ರೆ ಸರಿಹೋಗುತ್ತೆ”: ಇಷ್ಟರಲ್ಲೇ ನಮ್ಮ ಮನೆಗಳಲ್ಲಿ ಗಂಟೆ ಕಳೆದುಹೋಗುತ್ತದೆ. ರಕ್ತನಾಳ ಕಟ್ಟಿಕೊಂಡಿದ್ದರೆ ಅಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ತೇಗು ಬಂದು ಹಗುರವಾಯಿತೆಂದ ಮಾತ್ರಕ್ಕೆ ಅದು ಹೃದಯದ್ದಲ್ಲ ಎನ್ನುವಂತಿಲ್ಲ. ಈ ನೋವನ್ನು ಬೆರಳಿಟ್ಟು ತೋರಿಸುವವರು ಕಡಿಮೆ. ಮುಷ್ಟಿಯನ್ನು ಎದೆಯ ನಡುವೆ ಒತ್ತಿಕೊಂಡು “ಇಲ್ಲೆಲ್ಲ ಭಾರ” ಅನ್ನುತ್ತಾರೆ. ಅದು ತೋಳಿಗೆ, ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ಜೊತೆಗೆ ತಣ್ಣನೆ ಬೆವರು, ವಾಕರಿಕೆ, ಏದುಸಿರು. ಸಕ್ಕರೆ ಕಾಯಿಲೆಯಿಂದ ನರಗಳು ಮಂದವಾದವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರಾಟದ ಕಷ್ಟ ಕಾಣಿಸಬಹುದು. ಮೆಟ್ಟಿಲು ಹತ್ತುವಾಗ ಬಂದು, ನಿಂತರೆ ಹೋಗುವ ನೋವು ಹೊಸದಾಗಿದ್ದರೆ ಜಿಪಿಗೆ (ನಿಮ್ಮ ಕುಟುಂಬ ವೈದ್ಯರಿಗೆ) ಬೇಗ ತೋರಿಸಿ. ಕೂತರೂ ಹೋಗದಿದ್ದರೆ 999.

“ನನಗಿನ್ನೂ ವಯಸ್ಸಾಗಿಲ್ಲ” ಅನ್ನಬೇಡಿ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, ರಾಜ್ಯೋತ್ಸವಕ್ಕೆ ಮೂರು ದಿನವಿರುವಾಗ, 46ಕ್ಕೇ ಹೋದರು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಡಾ. ಸಲೀಂ ಯೂಸುಫ್ ಮುಂದಾಳತ್ವದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಿಗೆ 53, ಉಳಿದವರಿಗೆ ಸುಮಾರು 59.

ಫೋನಿನಲ್ಲಿ “ಚೆಸ್ಟ್ ಪೇನ್” ಎಂದು ಹೇಳಿ, ಪೋಸ್ಟ್‌ಕೋಡ್ ಕೊಡಿ, ಬಾಗಿಲ ಚಿಲಕ ತೆಗೆದಿಡಿ. ರೋಗಿಯನ್ನು ನೆಲದ ಮೇಲೆ ಗೋಡೆಗೊರಗಿಸಿ ಕೂರಿಸಿ. ಆಸ್ಪಿರಿನ್ 300 ಮಿಲಿಗ್ರಾಂ (75ರ ಮಾತ್ರೆಯಾದರೆ 4) ಅಗಿದು ತಿನ್ನಲಿ. ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇದ್ದರೆ ಬೇಡ. ಕಾರಿನಲ್ಲಿ ಕರೆದೊಯ್ಯಬೇಡಿ: ದಾರಿಯಲ್ಲಿ ಹೃದಯದ ಲಯ ತಪ್ಪಿದರೆ ಶಾಕ್ ಕೊಡುವ ಯಂತ್ರ ಇರುವುದು ಆಂಬುಲೆನ್ಸಿನಲ್ಲಿ. ಮೊದಲ ಇಸಿಜಿ ಸರಿಯಿದೆ ಎಂದಾಕ್ಷಣ ಎದ್ದು ಬರಬೇಡಿ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೊಪೋನಿನ್ ಎಂಬ ಪ್ರೋಟೀನ್ ಏರಲು ಗಂಟೆಗಳು ಬೇಕಾದೀತು, ಹಾಗಾಗಿ ಮತ್ತೊಮ್ಮೆ ನೋಡುತ್ತಾರೆ.

ಊರಿಂದ ಬಂದ ಅಪ್ಪ-ಅಮ್ಮ ಬಿಲ್ಲಿನ ಭಯಕ್ಕೆ ನೋವು ನುಂಗಿಕೊಳ್ಳುತ್ತಾರೆ. ಇದು ನನ್ನನ್ನು ಬಹಳ ಕಾಡುತ್ತದೆ. ಅವರಿಗೆ ಇವತ್ತೇ ಬಿಡಿಸಿ ಹೇಳಿ: ಇಂಗ್ಲೆಂಡಿನಲ್ಲಿ ಎ ಅಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ) ಚಿಕಿತ್ಸೆ ಸಂದರ್ಶಕರಿಗೂ ಉಚಿತ. ದಾಖಲಾದ ಮೇಲೆ ಶುಲ್ಕ ಬೀಳಬಹುದು, ಆದರೆ ತುರ್ತು ಚಿಕಿತ್ಸೆಯನ್ನು ಹಣಕ್ಕಾಗಿ ತಡೆಯುವುದಿಲ್ಲ. ಪ್ರವಾಸ ವಿಮೆಯಲ್ಲಿ ಹಳೆಯ ಬಿಪಿ, ಶುಗರ್ ಮುಚ್ಚಿಡದೆ ಬರೆಸಿ.

ಇನ್ನು ಸೂಚನೆಗಳು, ಅವಸರದಲ್ಲಿ: ರಾಜ್ಯೋತ್ಸವ ಭಾನುವಾರ ಮಧ್ಯಾಹ್ನ 2ಕ್ಕೆ; ಬಿಸಿಬೇಳೆಬಾತಿಗೆ ಹೆಸರು ಕೊಡುವವರು ಗುರುವಾರದೊಳಗೆ. ಮಕ್ಕಳ ನೃತ್ಯದ ತಾಲೀಮು ಶನಿವಾರ. ಅಂದು ಊಟದ ನಂತರ ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವ ಪ್ರಥಮ ಚಿಕಿತ್ಸೆ) ಅಭ್ಯಾಸ: ನಿಮಿಷಕ್ಕೆ 100ರಿಂದ 120 ಒತ್ತು, 5-6 ಸೆಂಟಿಮೀಟರ್ ಆಳ. ಕಲಿಸಲು ನರ್ಸ್ ಅಥವಾ ಪ್ಯಾರಾಮೆಡಿಕ್ ಇಬ್ಬರು ಬೇಕು, ದಯವಿಟ್ಟು ಬನ್ನಿ. ಸಭಾಂಗಣಕ್ಕೆ ಹತ್ತಿರದ ಡಿಫಿಬ್ರಿಲೇಟರ್ (ಆ ಶಾಕ್ ಕೊಡುವ ಯಂತ್ರ) ಎಲ್ಲಿದೆ ಎಂದು ನೋಡಿಬರಲು ಒಬ್ಬರು, ಮುಂದಿನ ಸಂಚಿಕೆಯ ಕರಡು ತಿದ್ದಲು ಇನ್ನೊಬ್ಬರು.