ಅವ್ವ ಕೂಡುವ ಜಾಗದಿಂದ ಶುರು ಮಾಡು

ದೋಸ್ತ,

ನೀನು ಕಳಿಸಿದ ಫೋಟೋಗಳನ್ನು ನಿನ್ನೆ ರಾತ್ರಿ ಮತ್ತೊಮ್ಮೆ ನೋಡಿದೆ. ಬೆಳಗಾವಿಯಲ್ಲಿ ಕಡೆಗೂ ಸ್ವಂತ ಮನೆ ಆಯ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ತೋರಿಸಿದೆ, ಎಲ್ಲರಿಗೂ ಖುಷಿ. ಆದರೆ ಅದರ ಜೊತೆ ಕಳಿಸಿದ ಅಂಗಡಿಯ ಕೊಟೇಶನ್ ನೋಡಿ ಜೀವ ಚುರ್ ಅಂದಿತು. ಅಂಗಳಕ್ಕೆ ನಾಲ್ಕು ಕುರ್ಚಿ, ಒಂದು ಟೀಪಾಯಿ, ಒಂದು ಜೋಕಾಲಿ, ಎಲ್ಲ ಸೇರಿ 46,000 ರೂಪಾಯಿ! ಮನೆ ಸಾಲದ ಕಂತು ಈಗಷ್ಟೇ ಶುರುವಾಗಿದೆ. ಅದರ ಮೇಲೆ ಇದನ್ನೂ ಕಂತಿನಲ್ಲಿ ತಗೊಳ್ಳುತ್ತೇನೆ ಅಂತೀಯಲ್ಲ. ಬೇಡ ಮಾರಾಯ. ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದೆ, ಅದಕ್ಕೇ ಇಷ್ಟು ಅವಸರದಲ್ಲಿ ಬರೆಯುತ್ತಿದ್ದೇನೆ. ನಮ್ಮ ಬಳಗದಲ್ಲಿ ಇನ್ನೂ ಇಬ್ಬರು ಮೂವರು ಮನೆ ಕಟ್ಟಿಸುತ್ತಿದ್ದಾರೆ, ಅವರಿಗೂ ಉಪಯೋಗ ಆಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ.

ಆ ಫೋಟೋಗಳಲ್ಲಿ ಒಂದರಲ್ಲಿ ನಿಮ್ಮವ್ವ ಇದ್ದಾರೆ ನೋಡು. ಹೊಸ್ತಿಲ ಹೊರಗೆ, ಮೆಟ್ಟಿಲ ಮೇಲೆ, ಒಂದು ಕೈ ಗೋಡೆಗೆ ಹಚ್ಚಿ ಕೂತಿದ್ದಾರೆ. ಹಳೇ ಬಾಗಲಕೋಟೆಯ ಮನೆಯಲ್ಲಿ ಅವರು ಸಂಜೆ ಹೊತ್ತು ಒಳಗೆ ಕೂತದ್ದು ನಾನು ನೋಡೇ ಇಲ್ಲ. ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಾ, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಾ ಇರುತ್ತಿದ್ದರು. ಈಗ ಮೊಣಕಾಲು ನೋವು ಇಟ್ಟುಕೊಂಡು ಒಂಬತ್ತು ಇಂಚಿನ ಮೆಟ್ಟಿಲ ಮೇಲೆ ಕೂತು ಏಳಬೇಕು ಅಂದರೆ ಎಷ್ಟು ಕಷ್ಟ ಯೋಚಿಸು. ನಿನ್ನ ಮನೆಗೆ ಬೇಕಾದ ಮೊದಲ ಸಾಮಾನು ಅಲ್ಲೇ ಗೊತ್ತಾಯ್ತು, ಅಲ್ವಾ? ಒಂದು ವಾರ ಏನೂ ತರಬೇಡ. ಮನೆಯವರು ತಾವಾಗೇ ಎಲ್ಲಿ ಹೋಗಿ ಕೂಡುತ್ತಾರೆ, ಯಾವ ಹೊತ್ತಿಗೆ ಕೂಡುತ್ತಾರೆ, ಸುಮ್ನೆ ನೋಡು. ಆ ಜಾಗಕ್ಕೆ ಮೊದಲು ಖರ್ಚು ಮಾಡು.

ನಾನು ಕಲಿತದ್ದು ರೊಕ್ಕ ಕಳಕೊಂಡ ಮೇಲೆ. ನವನಗರದ ಈ ಮನೆಗೆ ಬಂದ ವರ್ಷ ನಾನೂ ಪ್ಲಾಸ್ಟಿಕ್ ಬೆತ್ತದ ಕುರ್ಚಿ ಸೆಟ್ ತಂದಿದ್ದೆ. ನೋಡೋಕೆ ಬಹಳ ಚೆಂದ ಇತ್ತು. ಅಂಗಡಿಯವರು ಹೊರಗೇ ಇಡಬಹುದು, ಏನೂ ಆಗಲ್ಲ ಅಂದಿದ್ದರು. ಎರಡನೇ ಬೇಸಿಗೆಗೆ ಪಟ್ಟಿಗಳು ಒಣ ಹುಲ್ಲಿನ ಹಾಗೆ ಪಟಪಟ ಮುರಿಯತೊಡಗಿದವು. ಅಗ್ಗದ ಪ್ಲಾಸ್ಟಿಕ್ಕಿಗೆ ನಮ್ಮ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಅದರ ಅಂಟೇ ಸತ್ತುಹೋಗುತ್ತದೆ. ಒಳಗಿನ ಕಬ್ಬಿಣದ ಕೊಳವೆಗೆ ಪ್ರೈಮರ್ ಹಚ್ಚಿರಲೇ ಇಲ್ಲ, ತುಕ್ಕು ಹಿಡಿದು ನೆಲದ ಮೇಲೆ ಕಂದು ಕಲೆ ಬಿಟ್ಟಿತು. ಕೇಳಿದರೆ ಬಿಸಿಲಿಗೆ ಗ್ಯಾರಂಟಿ ಇಲ್ಲ ಅಂದರು. ಬಿಸಿಲಿನಲ್ಲಿ ಇಡುವುದಕ್ಕೇ ತಂದ ಕುರ್ಚಿ! ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಮಾಡಿಸಿದ್ದು ಕಲ್ಲಿನ ಬೆಂಚು. ನೀನು ಬಂದಾಗ ಅದರ ಮೇಲೇ ಕೂತು ಗಿರಮಿಟ್ಟು ತಿಂದಿದ್ದೆ, ನೆನಪಿದೆಯಾ? ಅದು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಇಂಚು ದಪ್ಪದ, ನೆಲಕ್ಕೆ ಹಾಸುವ ಪರಸಿ ಕಲ್ಲು. ಕೆಳಗೆ ಎರಡು ಕಡೆ ಸಿಮೆಂಟ್ ಬ್ಲಾಕ್ ಕಟ್ಟಿದ ಗಿಡ್ಡ ಗೋಡೆ. ಕಲ್ಲು, ಬ್ಲಾಕು, ಟಂಟಂ ಬಾಡಿಗೆ, ಅರ್ಧ ದಿನದ ಗೌಂಡಿ ಕೂಲಿ ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ. ಇಷ್ಟು ವರ್ಷದಿಂದ ಅದಕ್ಕೆ ಒಂದು ಪೈಸೆ ರಿಪೇರಿ ಬಂದಿಲ್ಲ.

ಮಾಡಿಸುವಾಗ ಕೆಲವು ಮಾತು ನೆನಪಿಡು. ಕಲ್ಲು ಎಷ್ಟು ಭಾರ ಬೇಕಾದರೂ ಹೊರುತ್ತದೆ, ಆದರೆ ನಡುವೆ ಆಸರೆ ಇಲ್ಲದೆ ಬಾಗಿಸಿದರೆ ತಟ್ಟನೆ ಸೀಳುತ್ತದೆ. ಅದಕ್ಕೆ ಎರಡು ಗೋಡೆಗಳ ನಡುವಿನ ಖಾಲಿ ಜಾಗ ಮೂರು ಅಡಿಗಿಂತ ಜಾಸ್ತಿ ಬಿಡಬೇಡ. ತರುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡು. ಕಂಚಿನ ಹಾಗೆ ಟಣ್ ಅಂದರೆ ಒಳ್ಳೆಯ ಕಲ್ಲು, ಸಪ್ಪಗೆ ದಬ್ ಅಂದರೆ ಒಳಗೆ ಎಲ್ಲೋ ಬಿರುಕು ಇದೆ. ಈ ಅಳತೆಯ ಒಂದು ಕಲ್ಲು ಸುಮಾರು 70 ಕಿಲೋ ತೂಗುತ್ತದೆ, ಒಬ್ಬನೇ ಎತ್ತಲು ಹೋಗಬೇಡ. ಕೂರಿಸುವಾಗ ಮುಂದಕ್ಕೆ ಕೂದಲೆಳೆಯಷ್ಟು ಇಳಿಜಾರು ಕೊಡಿಸು, ಮಳೆ ನೀರು ನಿಲ್ಲುವುದಿಲ್ಲ. ನಿಮ್ಮಲ್ಲಿ ಅದು ಬಹಳ ಮುಖ್ಯ, ನೀರು ನಿಂತರೆ ಪಾಚಿ ಕಟ್ಟಿ ಅವ್ವ ಜಾರಿ ಬಿದ್ದಾರು.

ಇನ್ನು ಎಲ್ಲಿ ಇಡಬೇಕು ಅನ್ನುವುದು. ಮನೆಯ ಮೂಡಣ ಗೋಡೆಗೆ ಹಚ್ಚಿ ಇಡು. ಮಧ್ಯಾಹ್ನ ಸೂರ್ಯ ಪಡುವಣಕ್ಕೆ ಹೊರಳಿದ ಮೇಲೆ ಮನೆಯ ನೆರಳೇ ಆ ಕಡೆ ಬೀಳುತ್ತದೆ. ಸಂಜೆ ಐದಕ್ಕೆ ಕೈ ಇಟ್ಟರೆ ಕಲ್ಲು ತಣ್ಣಗಿರುತ್ತದೆ. ನನ್ನ ಪಕ್ಕದ ಮನೆಯವರು ಇಂಥದೇ ಬೆಂಚನ್ನು ಪಡುವಣಕ್ಕೆ ಹಾಕಿಸಿದರು. ಏಪ್ರಿಲ್ಲಿನಲ್ಲಿ ರಾತ್ರಿ ಎಂಟಾದರೂ ಅದರ ಮೇಲೆ ಕೂಡಲು ಆಗುವುದಿಲ್ಲ, ಹಂಚಿನ ಹಾಗೆ ಕಾದಿರುತ್ತದೆ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆ ಅಂತ ನಮ್ಮ ಓಣಿಯವರೆಲ್ಲ ಮನೆ ಬಿಚ್ಚಿ ನವನಗರಕ್ಕೆ ಬಂದಾಗ ತೊಲೆ, ಕಂಬ, ಜಂತಿ ಎಲ್ಲ ಮಾರಿಬಿಟ್ಟರು. ನಮ್ಮ ಅಪ್ಪ ಪಡಸಾಲೆಯ ಬಾಗಿಲು ಮಾತ್ರ ಕೊಡಲಿಲ್ಲ. ಎರಡು ಕದ, ಸಾಗವಾನಿ. ಎಷ್ಟೋ ವರ್ಷ ಅದು ಹಿತ್ತಲಿನಲ್ಲಿ ಸಿಮೆಂಟ್ ಚೀಲ ಹೊದ್ದುಕೊಂಡು ಗೋಡೆಗೆ ಒರಗಿತ್ತು. ಕಳೆದ ದೀಪಾವಳಿಗೆ ಬೆಂಚು ಮಾಡೋಣ ಅಂತ ಒಂದು ಕದ ಕೆಳಗಿಳಿಸಿದೆ. ತೊಳೆದಾಗ ನೀರು ಕಪ್ಪಗೆ ಹರಿಯಿತು. ಒಣಗಿಸಿ, ಮೊದಲು 80 ನಂಬರಿನ, ಆಮೇಲೆ 120 ನಂಬರಿನ ಉಸುಕು ಕಾಗದದಿಂದ ಎರಡು ದಿನ ತಿಕ್ಕಿದೆ. ಕರಿ ಹೋಗಿ ಒಳಗಿನ ಜೇನು ಬಣ್ಣ ಬಂತು. ಅಗಳಿ ಹಾಕುತ್ತಿದ್ದ ಜಾಗದಲ್ಲಿ ಒಂದು ಗೇಣು ಉದ್ದದ ಕಚ್ಚು ಇದೆ, ದಿನವೂ ಕಬ್ಬಿಣ ಸರಿದು ಸರಿದು ಕಟ್ಟಿಗೆ ನುಣ್ಣಗೆ ಸವೆದಿದೆ. ಕೈ ಆಡಿಸಿದರೆ ಸಾಣೆ ಹಿಡಿದ ಹಾಗೆ. ಅದನ್ನು ನಾನು ತುಂಬಿಸಲಿಲ್ಲ, ಹಾಗೇ ಬಿಟ್ಟೆ. ಅಪ್ಪ ಬಂದು ಕೂತಾಗ ಅವರ ಬೆರಳು ತಾನಾಗೇ ಅಲ್ಲಿಗೆ ಹೋಗುತ್ತದೆ.

ಅದಕ್ಕೆ ಹಚ್ಚಿದ್ದು ಅಗಸಿ ಎಣ್ಣೆ. ಚಟ್ನಿಪುಡಿಯ ಅಗಸಿಯದ್ದೇ, ಆದರೆ ಬಣ್ಣದ ಅಂಗಡಿಯಲ್ಲಿ ಕುದಿಸಿದ ಎಣ್ಣೆ ಅಂತ ಕೇಳಿ ತಗೋ, ಹಸಿ ಎಣ್ಣೆ ಒಣಗಲು ಬಹಳ ದಿನ ತಗೊಳ್ಳುತ್ತದೆ. ಬಟ್ಟೆಯಿಂದ ತೆಳ್ಳಗೆ ಹಚ್ಚಬೇಕು, ಕಾಲು ತಾಸು ಬಿಟ್ಟು ಹೆಚ್ಚಾದದ್ದನ್ನು ಒರೆಸಬೇಕು, ಮರುದಿನ ಮತ್ತೊಮ್ಮೆ. ಒಂದು ಎಚ್ಚರ: ಆ ಎಣ್ಣೆಯ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡ. ಎಣ್ಣೆ ಒಣಗುವಾಗ ಗಾಳಿ ಹೀರಿ ಬಿಸಿ ಹುಟ್ಟಿಸುತ್ತದೆ, ಮುದ್ದೆಯಾಗಿದ್ದರೆ ತಾನಾಗೇ ಬೆಂಕಿ ಹತ್ತಬಹುದು. ನೀರಿನಲ್ಲಿ ಅದ್ದಿ ಹೊರಗೆ ಹರವಿ ಒಣಗಿಸು. ನಿನಗೆ ಮಕ್ಕಳಿದ್ದಾರೆ, ಇದನ್ನು ಮರೆಯಲೇಬೇಡ.

ನಮ್ಮಲ್ಲಿ ನಡೆಯುವುದೆಲ್ಲ ನಿಮ್ಮಲ್ಲಿ ನಡೆಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಇಲ್ಲಿ ಹೊರಸಿಗೆ, ಅಂದರೆ ಹಗ್ಗದ ಮಂಚಕ್ಕೆ, ಪುಂಡಿ ನಾರಿನ ಹಗ್ಗ ಹೆಣೆದರೆ ವರ್ಷಗಟ್ಟಲೆ ಇರುತ್ತದೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಡೆಯುವ ಮಳೆಗೆ ಅದು ಒಂದೇ ವರ್ಷಕ್ಕೆ ಕೊಳೆಯುತ್ತದೆ. ಊರಿನಲ್ಲಿ ನಿಮ್ಮ ಕಾಕಾನ ಹೊರಸು ಸುಮ್ನೆ ಅಟ್ಟದಲ್ಲಿ ಬಿದ್ದಿದೆ. ಚೌಕಟ್ಟು ತಂದು ನೈಲಾನ್ ನವಾರ ಪಟ್ಟಿ ಹೆಣೆಸು. ಕಾಲದೆಸೆಯ ಹಗ್ಗ ಮಾತ್ರ ಬಿಗಿ ಮಾಡುವ ಹಾಗೆ ಇರಲಿ, ಜೋಲು ಬಿದ್ದಾಗ ಎಳೆದು ಕಟ್ಟಿದರೆ ಮತ್ತೆ ಹೊಸದರ ಹಾಗೆ. ಆ ಜೋಕಾಲಿಗಿಂತ ಮಕ್ಕಳಿಗೆ ಇದೇ ಹಿಡಿಸುತ್ತದೆ ನೋಡು.

ನಿನ್ನ ಊರಿನಲ್ಲಿ ನನಗೆ ಸಿಗದ ಒಂದು ಅನುಕೂಲ ಇದೆ. ಉದ್ಯಮಬಾಗದಲ್ಲಿ ಅಷ್ಟು ಕಾರ್ಖಾನೆ. ಮಶೀನು ಹೊತ್ತು ಬಂದ ಕಟ್ಟಿಗೆಯ ಹಲಗೆ ಚೌಕಟ್ಟುಗಳನ್ನು, ಅಂದರೆ ಪ್ಯಾಲೆಟ್ಟುಗಳನ್ನು, ಗುಜರಿಯವರು ಕಡಿಮೆಗೆ ಕೊಡುತ್ತಾರೆ. ಎರಡನ್ನು ಒಂದರ ಮೇಲೊಂದು ಇಟ್ಟರೆ ಟೀಪಾಯಿ. ಆದರೆ ಹೊರದೇಶದಿಂದ ಬಂದ ಪ್ಯಾಲೆಟ್ಟಿನ ಬದಿಗೆ ಮುದ್ರೆ ಒತ್ತಿರುತ್ತಾರೆ, ಅದನ್ನು ಓದು. ಎಚ್‌ಟಿ (HT) ಅಂತ ಇದ್ದರೆ ಬರೀ ಬಿಸಿ ಕೊಟ್ಟು ಹುಳ ಸಾಯಿಸಿದ್ದು, ತಗೋ. ಎಂಬಿ (MB) ಅಂತ ಇದ್ದರೆ ಮಿಥೈಲ್ ಬ್ರೋಮೈಡ್ ಅನ್ನುವ ವಿಷದ ಗಾಳಿ ಬಿಟ್ಟದ್ದು, ಮನೆಗೆ ತರಬೇಡ. ಎಣ್ಣೆ ಕಲೆ ಬಿದ್ದದ್ದೂ ಬೇಡ. ಹಳೇ ಟೈರಿನ ಕುರ್ಚಿ ಮಾಡುವ ವಿಡಿಯೋ ಕಳಿಸಿದ್ದೆಯಲ್ಲ, ಅದನ್ನು ಬಿಟ್ಟುಬಿಡು. ನಿಮ್ಮ ಮಳೆಗೆ ಟೈರೊಳಗೆ ನೀರು ನಿಂತು ಡೆಂಗಿ ಸೊಳ್ಳೆ ಸಾಕಿದ ಹಾಗೆ.

ಕುಂಡಕ್ಕೆ ಖಾನಾಪುರದ ಮಣ್ಣಿನದ್ದೇ ತಗೋ, ಹತ್ತಿರವೇ ಇದೆ. ಬಣ್ಣ ಬಳಿಯದ್ದು ಕೇಳು. ಗಿಡ ಹಚ್ಚುವ ಮೊದಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡು, ಇಲ್ಲದಿದ್ದರೆ ಹೊಸ ಕುಂಡ ಗಿಡದ ನೀರನ್ನೇ ಕುಡಿಯುತ್ತದೆ.

ಒಳಗಿನ ಅಲಂಕಾರದ ವಿಷಯಕ್ಕೆ ಬಂದರೆ, ಅವ್ವನ ಟ್ರಂಕು ತೆರೆ. ಅವರ ಇಳಕಲ್ಲ ಸೀರೆಗಳಲ್ಲಿ ಎರಡಾದರೂ ಮೈ ಹರಿದಿರುತ್ತವೆ, ಸೆರಗು ಗಟ್ಟಿ ಇರುತ್ತದೆ. ಮೈ ನೂಲಿನದ್ದು, ಸೆರಗು ರೇಷ್ಮೆಯದ್ದು. ಎರಡನ್ನೂ ಮಗ್ಗದಲ್ಲೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿ ಸಾಲಿನಿಂದ ಮೈಯ ಕಡೆಗೆ ಎರಡು ಬೆರಳು ಬಿಟ್ಟು ಕತ್ತರಿಸಿದರೆ ಕೆಂಪು ಸೆರಗು ಇಡಿಯಾಗಿ ಸಿಗುತ್ತದೆ. ಗೋಡೆಗೆ ಅಡ್ಡ ಕೋಲು ಹಚ್ಚಿ ತೂಗುಹಾಕು. ಬೇರೆ ಚಿತ್ರವೇ ಬೇಕಿಲ್ಲ. ಕಿಟಕಿಯ ಬಿಸಿಲು ಬೀಳದ ಗೋಡೆ ಆರಿಸು, ಬಣ್ಣ ಬಿಟ್ಟೀತು. ಕತ್ತರಿ ಇಡುವ ಮೊದಲು ಅವ್ವನನ್ನು ಕೇಳು. ಯಾವುದು ಮದುವೆಯದು, ಯಾವುದು ತವರಿನದು ಅನ್ನುವುದು ಅವರಿಗೇ ಗೊತ್ತು.

ಉಳಿದ ಮೈ ಬಟ್ಟೆ, ಅಪ್ಪನ ಹಳೇ ಧೋತರ ಎಲ್ಲ ಕೌದಿಗೆ. ನಮ್ಮ ಓಣಿಯಲ್ಲಿ ಇನ್ನೂ ಇಬ್ಬರು ಅಮ್ಮಂದಿರು ಕೌದಿ ಹೊಲಿಯುತ್ತಾರೆ. ಕಲ್ಲಿನ ಬೆಂಚಿನ ಅಳತೆಗೆ ನಾನೊಂದು ಹೊಲಿಸಿದ್ದೇನೆ. ಚಳಿಗಾಲದಲ್ಲಿ ಕಲ್ಲಿನ ತಂಪು ಮೈಗೆ ತಾಗುವುದಿಲ್ಲ, ಮಳೆ ಬಂದರೆ ಎತ್ತಿ ಒಳಗೆ ಒಯ್ದರಾಯ್ತು. ಫೋಮಿನ ಗಾದಿ ನೀರು ಕುಡಿದು ವಾಸನೆ ಬರುತ್ತದೆ, ಇದನ್ನು ಒಗೆದು ಹರವಬಹುದು. ಗುಳೇದಗುಡ್ಡದ ಖಣದ ಬಟ್ಟೆ ಒಂದೆರಡು ನಾನೇ ತರುತ್ತೇನೆ, ದಿಂಬಿನ ನಡುಪಟ್ಟಿಗೆ ಬಹಳ ಒಪ್ಪುತ್ತದೆ.

ಕಂಪೌಂಡ್ ಗೋಡೆಗೆ ಪೇಂಟ್ ಬೇಡ, ಸುಣ್ಣ ಹೊಡಿ. ಸಿಮೆಂಟ್ ಗಿಲಾವು ಬರಿದೇ ಇದೆಯಲ್ಲ, ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ಪೇಂಟ್ ಹಚ್ಚಿದ ಗೋಡೆಗಾದರೆ ಸುಣ್ಣ ನಿಲ್ಲುವುದಿಲ್ಲ. ಸುಣ್ಣದ ಹರಳನ್ನು ಕಬ್ಬಿಣದ ಡ್ರಮ್ಮಿನಲ್ಲಿ, ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕು, ಭೋರ್ ಅಂತ ಕುದಿಯುತ್ತದೆ. ಮಕ್ಕಳನ್ನು ದೂರ ಇಡು, ಕಣ್ಣಿಗೆ ಕನ್ನಡಕ ಹಾಕ್ಕೋ. ಒಂದು ರಾತ್ರಿ ಬಿಟ್ಟು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ, ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಬಳಿ. ಹಸಿ ಇದ್ದಾಗ ಏನೂ ಕಾಣುವುದಿಲ್ಲ, ಕೆಲಸ ಕೆಟ್ಟಿತು ಅನಿಸುತ್ತದೆ. ಒಣಗಲು ಬಿಡು, ಬೆಳ್ಳಗೆ ಏಳುತ್ತದೆ. ಕೆಳಗೆ ಒಂದು ಮೊಳ ಹುರಮಂಜಿನ ಕೆಂಪು ಬಣ್ಣ. ನಮ್ಮ ಹಳೇ ಓಣಿಯ ಎಲ್ಲ ಮನೆಗೂ ಇದ್ದ ಹಾಗೆ. ಮಳೆಯ ರಾಡಿ ಸಿಡಿದರೂ ಕೆಂಪಿನಲ್ಲಿ ಕಾಣುವುದಿಲ್ಲ.

ನಮ್ಮ ಪಡಸಾಲೆಯ ಆ ಬಾಗಿಲಿನ ಇನ್ನೊಂದು ಕದ ಇನ್ನೂ ಹಿತ್ತಲಲ್ಲೇ ಇದೆ. ಅಪ್ಪನ ಹತ್ತಿರ ಮಾತಾಡಿದ್ದೇನೆ. ನಿಮ್ಮವ್ವನಿಗೆ ಅಂದ ಕೂಡಲೇ ಒಯ್ಯಿ ಅಂದರು. ಬರುವ ತಿಂಗಳು ಎರಡನೇ ಶನಿವಾರ ಗಾಡಿಯಲ್ಲಿ ಹಾಕಿಕೊಂಡು ಬರುತ್ತೇನೆ, ಅವ್ವ ಕೂಡುವ, ತಲೆಯ ಮೇಲೆ ಸಜ್ಜೆ ಇರುವ ನಿನ್ನ ಮನೆ ಬಾಗಿಲ ಪಕ್ಕದ ಗೋಡೆಗೇ ಹಾಕೋಣ, ಮಳೆ ತಾಗುವುದಿಲ್ಲ. ಕಾಲು ಅಲ್ಲೇ ಬಂದು ಜೋಡಿಸುತ್ತೇನೆ. ಸಾಮಾನ್ಯ ಬೆಂಚು 16–17 ಇಂಚು ಎತ್ತರ ಇರುತ್ತದೆ, ಮೊಣಕಾಲು ನೋವಿದ್ದವರಿಗೆ ಅದು ತಗ್ಗಾಗುತ್ತದೆ. ಅದಕ್ಕೆ ಒಂದು ಕೆಲಸ ಮಾಡು. ಅವ್ವನನ್ನು ಗಟ್ಟಿ ಕುರ್ಚಿಯ ಮೇಲೆ ಕೂರಿಸಿ, ಪಾದ ನೆಲಕ್ಕೆ ಊರಿಸಿ, ನೆಲದಿಂದ ಮೊಣಕಾಲ ಹಿಂದಿನ ಮಡಿಕೆಯವರೆಗೆ ಟೇಪು ಹಿಡಿದು ಅಳತೆ ಕಳಿಸು. ಅದಕ್ಕೆ ಒಂದೆರಡು ಇಂಚು ಸೇರಿಸಿ ಕಾಲು ಕೊಯ್ಯಿಸುತ್ತೇನೆ. ಏಳುವಾಗ ಹಿಡಿಯಲು ಬಲಗಡೆ ಹಿಡಿಕೆ ಬೇಕೋ ಎಡಗಡೆ ಬೇಕೋ, ಅದನ್ನೂ ಅವರನ್ನೇ ಕೇಳಿ ತಿಳಿಸು.

ನಿನ್ನ ದೋಸ್ತ,
ನವನಗರ, ಬಾಗಲಕೋಟೆ